ಹತ್ತಂತಸ್ತಿನ ಸವತಿ

ಕಾಶಿಗೆ ನಮ್ಮ ಕಡೆಯವರು ಸಾಯಲು ಬರುತ್ತಾರೆ. ನಾನು ಸಂಸಾರ ಮಾಡಲು ಬಂದೆ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹಾವೇರಿ ಕಡೆಯ ಹುಡುಗಿ ನಾನು, ಹಿಂದಿ ಎಂದರೆ ರೇಡಿಯೋ ಹಾಡಿನಲ್ಲಿ ಕೇಳಿದಷ್ಟೇ ಗೊತ್ತು. ನಮ್ಮವರ ತಂದೆ ಇಲ್ಲಿನ ಕನ್ನಡದ ಮಠದಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದರಂತೆ. ಹಾಗಾಗಿ ನಮ್ಮವರು ಹುಟ್ಟಿ ಬೆಳೆದದ್ದೆಲ್ಲ ಕೇದಾರ ಘಾಟಿನ ಹಿಂದಿನ ಗಲ್ಲಿಯಲ್ಲೇ. ದಕ್ಷಿಣಕ್ಕೆ ಹೋಗಿ ಕಟ್ಟಡಗಳ ನಕ್ಷೆ ಬರೆಯುವ ವಿದ್ಯೆ ಕಲಿತು, ಮರಳಿ ಇಲ್ಲಿಗೇ ಬಂದಿದ್ದರು. ಅತ್ತೆ ಮಾವ ಆಗಲೇ ತೀರಿಕೊಂಡಿದ್ದರಿಂದ ಮನೆಯಲ್ಲಿ ನಾವಿಬ್ಬರೇ. ಮದುವೆಯ ಸಮಯದಲ್ಲಿ ನಮ್ಮಪ್ಪ, ಹುಡುಗನಿಗೆ ಬೀಡಿ ಇಲ್ಲ, ಇಸ್ಪೀಟು ಇಲ್ಲ, ಬೇರೆ ಹೆಂಗಸಿನ ಗೊಡವೆ ಇಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ. ಅದೆಲ್ಲ ನಿಜವೇ. ಆದರೆ ನಾನು ಬಂದು ಇನ್ನೂ ಪಾತ್ರೆಗಳ ಜಾಗ ಗೊತ್ತುಮಾಡಿಕೊಳ್ಳುತ್ತಿರುವಾಗಲೇ ನನಗೊಬ್ಬಳು ಸವತಿ ಹುಟ್ಟಿಕೊಂಡಳು. ಅವಳು ಹತ್ತಂತಸ್ತಿನ ಆಫೀಸು ಕಟ್ಟಡ.

ಬೊಂಬಾಯಿ ನೋಡಿದವರು ಹತ್ತು ಅಂತಸ್ತು ಎಂದರೆ ನಗಬಹುದು. ಆಗಿನ ಕಾಶಿಯಲ್ಲಿ ಎತ್ತರದ್ದು ಎಂದರೆ ಗುಡಿಯ ಶಿಖರ, ಮಸೀದಿಯ ಮಿನಾರು, ಇಲ್ಲವೇ ನೀರಿನ ಟಾಕಿ. ಅದರ ನಡುವೆ ಸೀರೆ ವ್ಯಾಪಾರದ ಒಬ್ಬ ಸೇಠ್‌ಜಿಗೆ ಊರಿನಲ್ಲೇ ಎತ್ತರದ ಕಟ್ಟಡ ಕಟ್ಟಿಸುವ ಹುಚ್ಚು ಹಿಡಿಯಿತು. ಬ್ಯಾಂಕು, ವಿಮೆಯವರು, ವಕೀಲರು, ಟಿಕೆಟ್ ಮಾಡಿಕೊಡುವವರು ಎಲ್ಲರೂ ಒಂದೇ ಸೂರಿನಡಿ ಬಾಡಿಗೆಗೆ ಇರಬೇಕು, ಮೇಲಿನ ಅಂತಸ್ತಿನಲ್ಲಿ ತಾನು ಕೂತು ಗಂಗೆಯನ್ನು ನೋಡಬೇಕು, ಇದು ಅವರ ಆಸೆ. ಗೋದೌಲಿಯಾದ ಆಚೆ, ಸ್ಟೇಶನ್ನಿಗೆ ಹೋಗುವ ರಸ್ತೆಯಲ್ಲಿ, ಅವರ ಅಜ್ಜನ ಕಾಲದ ಮಾವಿನ ತೋಟವೊಂದಿತ್ತು. ಮರಗಳನ್ನು ಕಡಿಸಿದರು. ನಕ್ಷೆ ಬರೆಯಲು, ನಿಂತು ಕಟ್ಟಿಸಲು ನಮ್ಮವರನ್ನು ಗೊತ್ತು ಮಾಡಿದರು.

ಸವತಿಯ ಬಗ್ಗೆ ಹೆಂಗಸಿಗೆ ಗೊತ್ತಿರುವಷ್ಟು ಗಂಡನಿಗೂ ಗೊತ್ತಿರುವುದಿಲ್ಲ. ಆ ಕಟ್ಟಡದ ಹುಟ್ಟು, ಗೋತ್ರ, ನಡತೆ ಎಲ್ಲವನ್ನೂ ನಾನು ಊಟ ಬಡಿಸುತ್ತ ಕಲಿತೆ. ನಮ್ಮವರು ಬೇರೆ ಮಾತೇ ಆಡುತ್ತಿರಲಿಲ್ಲ. ಗಂಗೆಯ ಊರಿನ ಮಣ್ಣು ಮೆತ್ತಗೆ, ಸುಮ್ಮನೆ ಅಡಿಪಾಯ ತೋಡಿ ಹತ್ತು ಅಂತಸ್ತು ಹೇರಿದರೆ ಒಂದು ಕಡೆ ವಾಲುತ್ತದೆ, ಅದಕ್ಕೇ ಗಟ್ಟಿ ಪದರ ಸಿಗುವ ತನಕ ಕಾಂಕ್ರೀಟಿನ ಕಂಬಗಳನ್ನು ನೆಲದೊಳಗೆ ಇಳಿಸಬೇಕು ಎಂದು ಅವರು ಹೇಳುವಾಗ ನಾನು ಮುದ್ದಿ ಪಲ್ಯ ಮಾಡಿದ್ದೆ. ಹೇಗಿದೆ ಎಂದು ಕೇಳಿದೆ. "ಗಟ್ಟಿ ಐತಿ" ಎಂದರು. ಮಣ್ಣಿಗೆ ಹೇಳಿದರೋ ಪಲ್ಯಕ್ಕೆ ಹೇಳಿದರೋ ಇವತ್ತಿಗೂ ಗೊತ್ತಿಲ್ಲ.

ಅಗೆಯುವಾಗ ಮೊದಲು ಹಳೆಯ ಬಾವಿ ಸಿಕ್ಕಿತು, ಆಮೇಲೆ ಅದರ ಪಕ್ಕದಲ್ಲೇ ಒಂದು ಲಿಂಗ. ಕಾಶಿಯಲ್ಲಿ ಬಚ್ಚಲಿಗೆ ತೋಡಿದರೂ ಲಿಂಗ ಸಿಗುತ್ತದೆ, ಅದು ಹೊಸತಲ್ಲ. ಆದರೆ ಸಿಕ್ಕಿದ್ದನ್ನು ಸರಿಸುವ ಹಾಗಿಲ್ಲ. ಕೆಲಸ ನಿಂತಿತು. ಮಠದಿಂದ ಸ್ವಾಮಿಗಳು ಹೋಗಿ ನೋಡಿ, ದೇವರು ಅಲ್ಲೇ ಇರಲಿ, ಕಟ್ಟಡವೇ ಸರಿಯಲಿ ಎಂದರು. ನಮ್ಮವರು ನಕ್ಷೆಯನ್ನು ಮತ್ತೆ ಮೊದಲಿನಿಂದ ಬರೆದರು. ಕಂಬದ ಸಾಲು ಪಕ್ಕಕ್ಕೆ ಹೋಯಿತು, ಲಿಫ್ಟು ನಡುವಿನಿಂದ ಹಿಂದಕ್ಕೆ ಹೋಯಿತು, ನೆಲಮಾಳಿಗೆಯಲ್ಲಿ ಸಣ್ಣದೊಂದು ಗುಡಿ ಬಂತು. ಆ ವಾರವೇ ನನಗೆ ಮದುವೆಯಾದ ಮೇಲಿನ ಮೊದಲ ಪಂಚಮಿ. ತವರಿನಿಂದ ಅವ್ವ ಉಂಡೆ ಕಳಿಸಿದ್ದಳು. ಜೋಕಾಲಿ ಕಟ್ಟಿಕೊಡಿ ಎಂದು ಕೇಳಿದ್ದೆ. ದೇವರಿಗಾಗಿ ಕಂಬ ಸರಿಸಿದ ಮನುಷ್ಯನಿಗೆ ಹೆಂಡತಿಗಾಗಿ ಒಂದು ಹಗ್ಗ ಕಟ್ಟಲು ಬಿಡುವಾಗಲಿಲ್ಲ.

ಮಠದ ಕೋಣೆಯೊಂದರಲ್ಲಿ ಒಬ್ಬ ಮುದುಕಿ ಇದ್ದಳು, ಎಲ್ಲರಿಗೂ ಆಯಿ. ಬಿಜಾಪುರ ಕಡೆಯ ಹಳ್ಳಿಯವಳು, ಗಂಡ ಸತ್ತ ಮೇಲೆ ಇಲ್ಲಿಗೆ ಬಂದು, ಸಾಯುವ ತನಕ ಕಾಶಿಯ ಗಡಿ ದಾಟುವುದಿಲ್ಲ ಎಂದು ವ್ರತ ಹಿಡಿದಿದ್ದಳು. ನನ್ನ ಹೊಟ್ಟೆಕಿಚ್ಚಿಗೆ ಸವತಿ ಎಂಬ ಹೆಸರು ಕೊಟ್ಟವಳೇ ಅವಳು. ಸೋನಾರ್‌ಪುರದ ಸಂತೆಯಲ್ಲಿ ನಾನು ಬದನೆಕಾಯಿ ಆರಿಸುತ್ತಿದ್ದರೆ ಹಿಂದಿನಿಂದ ಬಂದು ಜೋರಾಗಿ ಕೇಳುತ್ತಿದ್ದಳು.

"ಏನ ತಂಗಿ, ಸವತಿ ಎಷ್ಟು ಎತ್ತರ ಆದ್ಲು?"

"ನಾಕನೇ ಅಂತಸ್ತು ಆತ ಆಯಿ."

"ಅಯ್ಯ ಶಿವನ! ಇನ್ನೂ ಬೆಳೀತಾಳ? ನಿನಗಿಂತ ಸಣ್ಣಾಕಿ ಅಲ್ಲೇನ ಆಕಿ?"

ಕನ್ನಡ ತಿಳಿಯದ ತರಕಾರಿಯವನು ನಮ್ಮ ಮುಖ ನೋಡುತ್ತ, "ಕ್ಯಾ ಹುವಾ ಮಾತಾಜಿ?" ಎನ್ನುತ್ತಿದ್ದ. ಆಯಿ ಅವನಿಗೆ, "ಇಸ್ಕಾ ಸೌತ್ ಹೈ ರೇ, ಬಹುತ್ ಲಂಬಾ" ಎಂದು, ಇವಳ ಸವತಿ ಬಲು ಎತ್ತರ ಎಂಬುದನ್ನು ತನ್ನ ಹಿಂದಿಯಲ್ಲಿ ಹೇಳಿ ನಕ್ಕುಬಿಡುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ.

ಯಾಕೆಂದರೆ ಐದನೆಯ ಅಂತಸ್ತು ಎದ್ದ ಮೇಲೆ ಅವಳು ನಮ್ಮ ಮಾಳಿಗೆಯಿಂದಲೇ ಕಾಣತೊಡಗಿದ್ದಳು. ಬಟ್ಟೆ ಒಣಹಾಕಲು ಹೋದರೆ ಅವಳು, ಹಪ್ಪಳಕ್ಕೆ ಮಂಗ ಕಾಯಲು ಕೂತರೆ ಅವಳು. ಊರಿನ ಮಾಳಿಗೆಗಳ ಮೇಲೆ ತಲೆ ಎತ್ತಿ, ಬಿದಿರಿನ ಅಟ್ಟಣೆ ಸುತ್ತಿಕೊಂಡು, ನನ್ನನ್ನೇ ನೋಡುತ್ತಿದ್ದಾಳೆ ಅನಿಸುತ್ತಿತ್ತು. ನಮ್ಮವರು ಹೊಸ ಕಾಂಕ್ರೀಟಿಗೆ ದಿನಕ್ಕೆ ಎಷ್ಟು ಸಲ ನೀರುಣಿಸಬೇಕು, ಬಿಸಿಲಿಗೆ ಬಿರಿಯದ ಹಾಗೆ ಒದ್ದೆ ಗೋಣಿ ಹೇಗೆ ಹೊದಿಸಬೇಕು ಎಂದು ಹೇಳುವಾಗ, ಬಾಣಂತಿಯ ಆರೈಕೆಯ ಮಾತು ಕೇಳಿದಂತಿರುತ್ತಿತ್ತು. ಸ್ಲ್ಯಾಬ್ ಹಾಕಿದ ದಿನ ಕೂಲಿಯವರಿಗೆಲ್ಲ ಲಾಡು ಹಂಚುವುದು ವಾಡಿಕೆ. ಉಳಿದ ಒಂದು ಲಾಡನ್ನು ನಮ್ಮವರು ಕಾಗದದಲ್ಲಿ ಸುತ್ತಿ ನನಗೆ ತರುತ್ತಿದ್ದರು. ಅವಳ ಎಂಜಲು ನನಗೆ! ನಾನು ಅದನ್ನು ಮುಟ್ಟದೆ ಆಯಿಗೆ ಕೊಡುತ್ತಿದ್ದೆ. ಆಯಿ ಬಾಯಿತುಂಬ ತಿನ್ನುತ್ತಿದ್ದಳು.

ನೆಲಕ್ಕೆ ಹಾಸುವ ಕಲ್ಲಿನ ಬಣ್ಣ ಆರಿಸಲು ನಮ್ಮವರು ಅಂಗಡಿ ಅಂಗಡಿ ಅಲೆದರು. ತುಂಡುಗಳನ್ನು ಮನೆಗೆ ತಂದು ಬೆಳಕಿಗೆ ಹಿಡಿದು, ಇದು ಒಪ್ಪುತ್ತದೆಯೋ ಅದು ಒಪ್ಪುತ್ತದೆಯೋ ಎಂದು ನನ್ನನ್ನೇ ಕೇಳಿದರು. ಸೀರೆಯ ಸೇಠ್‌ಜಿಯ ಕೆಲಸ, ಸೀರೆಯ ಊರು, ಮದುವೆಯಾಗಿ ಎರಡು ದೀಪಾವಳಿ ಕಳೆದರೂ ನನ್ನ ಪೆಟ್ಟಿಗೆಯಲ್ಲಿ ಒಂದು ಬನಾರಸಿ ಸೀರೆ ಇರಲಿಲ್ಲ. ನಾನು ಬೇಕೆಂದೇ ಎಲ್ಲಕ್ಕಿಂತ ಮಂಕಾದ ಬೂದು ಕಲ್ಲನ್ನು ತೋರಿಸಿದೆ. ಅದನ್ನೇ ಹಾಸಿಸಿದರು. ಈಗಲೂ ಅಲ್ಲಿ ಹೋದವರು ನೆಲ ಎಷ್ಟು ಗಂಭೀರವಾಗಿದೆ ಎನ್ನುತ್ತಾರೆ.

ನಡುವೆ ಒಮ್ಮೆ ಊರಲ್ಲಿ ಗಲಾಟೆಯಾಗಿ ಕರ್ಫ್ಯೂ ಹಾಕಿದರು. ಊರೆಲ್ಲ ಹೆದರಿ ಬಾಗಿಲು ಹಾಕಿಕೊಂಡಿತ್ತು. ನನಗೂ ಹೆದರಿಕೆಯಿತ್ತು, ಆದರೆ ಒಳಗೊಳಗೇ, ಗಂಡ ಮನೆಯಲ್ಲಿದ್ದಾರಲ್ಲ ಎಂಬ ಸಂತೋಷವೂ ಇತ್ತು. ಇದ್ದ ಬೇಳೆಯಲ್ಲೇ ಹೋಳಿಗೆ ಮಾಡಿದೆ. ಕರೆಯಲು ಹೋದರೆ ನಮ್ಮವರು ಮಾಳಿಗೆಯ ಕಟ್ಟೆಗೆ ಒರಗಿ ನಿಂತು, ದೂರದ ಕಟ್ಟಡದ ಕಡೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು.

"ನೀರು ಹಾಕೋರಿಲ್ಲ ಅಲ್ಲಿ" ಎಂದರು. "ಏಳನೇ ಸ್ಲ್ಯಾಬ್ ಒಣಗತೈತಿ."

ನಾನು ಹೋಳಿಗೆಯನ್ನು ತಟ್ಟೆಯಲ್ಲಿ ಬಿಟ್ಟು ಮಲಗಿಬಿಟ್ಟೆ. ಅಂದು ನಾನು ಅಳಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ.

ಆ ಮನೆಯಲ್ಲಿ ಪೂರ್ತಿ ನನ್ನದು ಎಂದು ಒಂದೇ ಒಂದು ಇತ್ತು, ಹೊಸ್ತಿಲ ಮುಂದಿನ ರಂಗೋಲಿ. ಬೆಳಿಗ್ಗೆ ಎದ್ದು, ಗಲ್ಲಿಯ ಹಾಸುಗಲ್ಲಿಗೆ ನೀರು ಹೊಡೆದು, ಗುಡಿಸಿ, ಚುಕ್ಕಿ ಇಟ್ಟು ಎಳೆಯುತ್ತಿದ್ದೆ. ಅಕ್ಕಪಕ್ಕದ ಹಿಂದಿಯ ಹೆಂಗಸರು ಹಬ್ಬಕ್ಕಷ್ಟೇ ಬರೆಯುವವರು. ದಿನವೂ ನಾನು ಕುಕ್ಕುರುಗಾಲಲ್ಲಿ ಕೂತು ಬರೆಯುವುದನ್ನು ನೋಡಲು ನಿಲ್ಲುತ್ತಿದ್ದರು. ನನ್ನ ಅವ್ವ ಕಲಿಸಿದ್ದು ದೀಪದ ಸಾಲು. ಅಗಲವಾದ ಪಾದ, ಸಣ್ಣ ಕಂಬ, ತುಂಬಿದ ಬಟ್ಟಲು, ಮೇಲೆ ಜ್ಯೋತಿ. ಪಾದದ ಬಲಕ್ಕೆ ಒಂದು ಎಲೆಯ ಸುಳಿ. ಆ ಸುಳಿ ನಮ್ಮ ಅವ್ವನ ಕೈಯದು, ಬೇರೆ ಯಾರೂ ಹಾಕುವುದಿಲ್ಲ. ಅವ್ವನ ಮನೆಯಲ್ಲಿ ಒಂದು ಪದ್ಧತಿ ಇತ್ತು. ದೀಪದ ಪಾದ ಬೀದಿಗೆ ಇರಬೇಕು, ಜ್ಯೋತಿ ಮನೆಯ ಕಡೆಗೆ. ಬರುವವರ ಕಣ್ಣಿಗೆ ದೀಪ ನೇರವಾಗಿ ಕಾಣಬೇಕು, ರಂಗೋಲಿ ಹಾಕುವುದೇ ಬರುವವರಿಗಾಗಿ ಎನ್ನುತ್ತಿದ್ದಳು. ನಾನು ಅದನ್ನು ಒಂದು ದಿನವೂ ತಪ್ಪಿಸಲಿಲ್ಲ.

ಆದರೆ ಕಾಶಿಯ ಗಲ್ಲಿಯಲ್ಲಿ ರಂಗೋಲಿಯ ಆಯುಷ್ಯ ಎಷ್ಟು? ಹಾಲಿನವನ ಸೈಕಲ್ಲು, ಗೂಳಿ, ಹರಿಶ್ಚಂದ್ರ ಘಾಟಿಗೆ ಹೆಣ ಹೊತ್ತು ಓಡುವವರು. ಮಧ್ಯಾಹ್ನದ ಹೊತ್ತಿಗೆ ಬರೀ ಬಿಳಿ ಪುಡಿ. ನಮ್ಮವರು ಬೆಳಿಗ್ಗೆ ಬುತ್ತಿ ಹಿಡಿದು ಅದನ್ನು ದಾಟಿ ಹೋಗುತ್ತಿದ್ದರು, ಕತ್ತಲಾದ ಮೇಲೆ ಆ ಪುಡಿಯನ್ನು ತುಳಿದು ಬರುತ್ತಿದ್ದರು. "ಒಂದು ದಿನ ಹೊತ್ತಿರಾಗ ಬರ್ರಿ, ರಂಗೋಲಿ ಅಳಿಯೋದ್ರಾಗ" ಎಂದು ನಾನು ಕೇಳಿದ್ದುಂಟು. "ಇದು ಮುಗೀಲಿ, ಪಕ್ಕಾ" ಎನ್ನುತ್ತಿದ್ದರು.

ಕೊನೆಯ ವರ್ಷ ಕಟ್ಟಡದ ಮುಖದ ಮಾತು ಶುರುವಾಯಿತು. ಅವಳ ಮುಖ ಪಶ್ಚಿಮಕ್ಕಿತ್ತು. ಕಾಶಿಯ ಜೇಠ ತಿಂಗಳ ಬೇಸಗೆ ಬಿಸಿಲು ಸಂಜೆ ತನಕ ಬಡಿದರೆ ಒಳಗೆ ಕೂತವರು ಬೆಂದುಹೋಗುತ್ತಾರೆ. ಅದಕ್ಕೆ ಕೆಳಗಿನಿಂದ ಮೇಲಿನ ತನಕ ತೂತು ತೂತಿನ ಸಿಮೆಂಟು ಜಾಲಿ ಕೂರಿಸುತ್ತಾರೆ, ಗಾಳಿ ಬರುತ್ತದೆ, ಬಿಸಿಲು ತಡೆಯುತ್ತದೆ ಎಂದರು ನಮ್ಮವರು.

"ಅದರಾಗ ಗಂಟಿ ಬರ್ತಾವು. ಸಾಲ್‌ಸಾಲು ಗಂಟಿ. ಕಾಶಿ ಅಂದ್ರ ಗಂಟಿ, ಹೌದಿಲ್ಲೊ? ಸೇಠ್‌ಜಿ ಏಕ್‌ದಂ ಖುಷ್."

"ಹಾಕ್ರಿ" ಎಂದೆ. "ಹಂಗ ಒಂದು ಮೂಗುತಿನೂ ಹಾಕಿಬಿಡ್ರಿ."

ಅವರು ನಕ್ಕರು. ಏನೋ ಹೇಳಬೇಕೆಂದು ಬಾಯಿ ತೆರೆದು ಸುಮ್ಮನಾದರು. ನಕ್ಷೆ ತೋರಿಸುತ್ತೇನೆ ಎಂದಾಗ ನಾನು ಪಾತ್ರೆ ತೊಳೆಯಲು ಎದ್ದೆ. ಅವಳ ನಕ್ಷೆಯನ್ನು ನೋಡುವುದಿಲ್ಲ, ಅವಳ ಅಂಗಳಕ್ಕೆ ಕಾಲಿಡುವುದಿಲ್ಲ ಎಂದು ನಾನೂ ಒಂದು ವ್ರತ ಹಿಡಿದಿದ್ದೆ.

ಕೆಲಸ ಮುಗಿಯುತ್ತಿದೆ ಎಂದು ನಾನು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಸುದ್ದಿ ಬಂತು. ಸೇಠ್‌ಜಿಯ ತಮ್ಮ ಲಖನೌದಲ್ಲಿ ಇದಕ್ಕಿಂತ ಎತ್ತರದ ಕಟ್ಟಡ ಕಟ್ಟಿಸುತ್ತಾರಂತೆ. ನಮ್ಮವರೇ ಬೇಕಂತೆ. ಅಲ್ಲೇ ಇದ್ದು ಮಾಡಿಸಬೇಕು, ತಿಂಗಳಿಗೊಮ್ಮೆ ಬಂದು ಹೋಗಬಹುದು. ಹೇಳುವಾಗ ಅವರ ಮುಖ ಅರಳಿತ್ತು. ಕಟ್ಟಡ ಮುಗಿದರೆ ಗಂಡ ಮನೆಗೆ ಬರುತ್ತಾರೆ ಎಂದು ನಾನು ಇಷ್ಟು ದಿನ ತಡೆದುಕೊಂಡಿದ್ದೆ. ಈಗ ತಡೆಯಲಿಲ್ಲ.

"ಲಖನೌಕ್ಕ ಹೋಗೂದಿದ್ರ ಮೊದಲ ನನ್ನ ಹಾವೇರಿ ರೈಲು ಹತ್ತಿಸ್ರಿ. ಒಂದು ಸವತಿ ಸಾಕು ನನಗ. ನಾ ಮತ್ತ ಬರೂದಿಲ್ಲ."

ಅವರು ನಂಬಲಿಲ್ಲವೋ, ಕೇಳಿಸಲಿಲ್ಲವೋ. ಉದ್ಘಾಟನೆ ಆದ ಮರುದಿನ ಸೇಠ್‌ಜಿಗೆ ಉತ್ತರ ಕೊಡಬೇಕು ಎಂದಷ್ಟೇ ಹೇಳಿದರು.

ಉದ್ಘಾಟನೆಗೆ ನಾನು ಬರುವುದಿಲ್ಲ ಎಂದೇ ಇದ್ದೆ. ಆಯಿ ಬಿಡಲಿಲ್ಲ. "ನಡಿ ತಂಗಿ, ಸವತಿ ಮಾರಿ ನೋಡದ ಹೆಂಗ ಜಗಳ ಮಾಡ್ತಿ?" ಎಂದು ಎಳೆದುಕೊಂಡು ಹೊರಟಳು. ರಿಕ್ಷಾದಲ್ಲಿ ಕೂತ ಮೇಲೆ ಅವಳಿಗೇ ಒಂದು ಸಂಶಯ ಬಂತು. ಹತ್ತನೆಯ ಅಂತಸ್ತು ಕಾಶಿಯ ಗಡಿಯೊಳಗೇ ಬರುತ್ತದೆಯೋ, ಅಷ್ಟು ಮೇಲೆ ಹೋದರೆ ವ್ರತ ಕೆಡುತ್ತದೆಯೋ ಎಂದು ಗೋದೌಲಿಯಾ ಬರುವ ತನಕ ಗೊಣಗುತ್ತಿದ್ದಳು. ಯಾವುದಕ್ಕೂ ಇರಲಿ ಎಂದು ಕೊನೆಗೆ ಕೆಳಗೇ ಕೂರುವುದೆಂದು ತೀರ್ಮಾನಿಸಿದಳು.

ಅಟ್ಟಣೆ, ಗೋಣಿತಟ್ಟು ಎಲ್ಲ ತೆಗೆದಿದ್ದರು. ಇಳಿದು ತಲೆ ಎತ್ತಿದೆ. ಸುಳ್ಳೇಕೆ ಹೇಳಲಿ, ಚೆಲುವೆಯಾಗಿದ್ದಳು. ಮೈಯೆಲ್ಲ ತಿಳಿ ಹಳದಿ. ಮುಂದೆ ಜಾಲಿಯ ಸೆರಗು ಹತ್ತನೆಯ ಅಂತಸ್ತಿನಿಂದ ನೆಲದ ತನಕ ಇಳಿದಿತ್ತು, ಸಾಲು ಸಾಲು ಗಂಟೆ, ಒಂದೊಂದರ ಬಾಯಿಂದಲೂ ಕೆಳಕ್ಕೆ ನಾಲಿಗೆ. ಆಗಲೇ ರಿಕ್ಷಾದವರು ಅದಕ್ಕೆ ಘಂಟೀವಾಲಿ ಬಿಲ್ಡಿಂಗ್ ಎಂದು ಹೆಸರಿಟ್ಟಿದ್ದರು, ಇವತ್ತಿಗೂ ಅದೇ ಹೆಸರು. "ಗಂಟಿ ಛಂದ ಅದಾವ" ಎಂದಳು ಆಯಿ. ನಾನು ನೋಡುತ್ತಲೇ ನಿಂತೆ. ಗಂಟೆಯನ್ನು ತೂಗುಹಾಕುವ ಕೊಂಡಿಯ ಪಕ್ಕದಲ್ಲಿ ಒಂದು ಎಲೆಯ ಸುಳಿ ಇತ್ತು. ಪ್ರತಿ ಗಂಟೆಗೂ ಇತ್ತು.

ನನ್ನ ಅವ್ವನ ಸುಳಿ ಅದು. ಗಂಟೆಗೆ ಎಲೆ ಯಾಕೆ ಬಂತು ಎಂದುಕೊಂಡು ಕತ್ತು ವಾಲಿಸಿ ನೋಡಿದೆ, ಎಲ್ಲ ತಿಳಿಯಿತು. ಮೇಲಿನ ಕೊಂಡಿ ದೀಪದ ಪಾದ. ಗಂಟೆ ಎಂದದ್ದು ಬೋರಲಾದ ಬಟ್ಟಲು. ನಾಲಿಗೆ ಎಂದದ್ದು ಜ್ಯೋತಿ. ನನ್ನ ರಂಗೋಲಿಯ ದೀಪಗಳನ್ನೆಲ್ಲ ತಲೆಕೆಳಗು ಮಾಡಿ ಅವಳ ಮೈಮೇಲೆ ನೇತುಹಾಕಿದ್ದರು. ಮೈಯೆಲ್ಲ ಉರಿಯಿತು ನನಗೆ. ನನ್ನ ಮೈಮೇಲಿನ ಸೀರೆ ಬಿಚ್ಚಿ ಅವಳಿಗೆ ಉಡಿಸಿದ ಹಾಗಾಯಿತು, ಅದೂ ತಿರುವುಮುರುವಾಗಿ.

ಅಷ್ಟರಲ್ಲಿ ನಮ್ಮವರು ಜನರ ನಡುವಿನಿಂದ ಓಡಿ ಬಂದರು. ಇಸ್ತ್ರಿ ಮಾಡಿದ ಅಂಗಿ, ಹಣೆಯಲ್ಲಿ ವಿಭೂತಿ, ಮದುವೆಯ ದಿನ ಕೂಡ ಅಷ್ಟು ಖುಷಿಯಾಗಿ ಕಂಡಿರಲಿಲ್ಲ.

"ಗೊತ್ತಾತೇನು? ಯಾರ್ದು ಹೇಳು! ನಿನ್ನ ರಂಗೋಲಿದ ಗಂಟಿ. ದಿನಾ ಹೋಗುಮುಂದ ನೋಡಿ ನೋಡಿ ಮನಸ್ನಾಗ ಕೂತಿತ್ತು. ನಿನಗ ಹೇಳಬಾರದು, ತೋರಿಸಬೇಕು ಅಂತ ತಡಕೊಂಡಿದ್ದೆ."

"ನಾ ಒಂದು ದಿನನೂ ಗಂಟಿ ಬರೆದಿಲ್ಲ" ಎಂದೆ.

"ಅರೆ, ಇದೇನು ಮತ್ತ?"

"ದೀಪ. ಕತ್ತು ಹೊರಳಿಸಿ ನೋಡ್ರಿ."

ಸೇಠ್‌ಜಿಯ ನೆಂಟರು, ಅಧಿಕಾರಿಗಳು, ಬ್ಯಾಂಡಿನವರು ಎಲ್ಲ ಸುತ್ತ ನಿಂತಿದ್ದಾಗ ನಮ್ಮವರು ಕತ್ತು ಹೊರಳಿಸಿದರು. ಅವರ ಮುಖದ ನಗು ನಿಧಾನವಾಗಿ ಇಳಿಯಿತು.

"ಹೋಗೋರಿಗೆ ಅದು ಗಂಟಿ" ಎಂದೆ ನಾನು. "ಬರೋರಿಗೆ ದೀಪ. ನೀವು ಬರೋವಾಗ ಒಂದು ದಿನನೂ ಅದನ್ನ ನೋಡಿಲ್ಲ."

ಅವರು ಉತ್ತರ ಕೊಡುವ ಮೊದಲೇ ಸೇಠ್‌ಜಿ ಬಂದು ಅವರ ಕೊರಳಿಗೆ ಚೆಂಡುಹೂವಿನ ಹಾರ ಹಾಕಿದರು, ಲಖನೌದ ತಮ್ಮನ ಕೈಗೆ ಅವರ ಕೈಯನ್ನು ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಆಯಿಯನ್ನು ಎಬ್ಬಿಸಿಕೊಂಡು ರಿಕ್ಷಾ ಹತ್ತಿದೆ. ದಾರಿಯುದ್ದಕ್ಕೂ ಆಯಿ ನನ್ನ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಿದ್ದಳು.

ಮರುದಿನ ನಮ್ಮವರು ಬೇಗ ಎದ್ದು, ಬುತ್ತಿ ಕೇಳದೆ, ನಾನು ಗಲ್ಲಿಗೆ ನೀರು ಹೊಡೆಯುವ ಮುಂಚೆಯೇ ಹೊರಟುಹೋದರು. ಸೇಠ್‌ಜಿಗೆ ಉತ್ತರ ಕೊಡುವ ದಿನ ಅದು. ಹೋಗಲಿ, ಅಷ್ಟೇ ತಾನೆ ಎಂದುಕೊಂಡೆ. ತವರಿನಿಂದ ತಂದ ಟ್ರಂಕನ್ನು ಎಳೆದು, ಸೀರೆಗಳನ್ನು ಮಡಚಿ ಇಟ್ಟೆ. ಬಿಟ್ಟು ಹೋಗುವ ಮನೆ ಎಂದು ಹೊಸ್ತಿಲು ಬೋಳಾಗಿಡಲು ಕೈ ಬರಲಿಲ್ಲ. ತಡವಾಗಿಯೇ ನೀರು ಹೊಡೆದು ರಂಗೋಲಿ ಹಾಕಿದೆ, ಅದೇ ದೀಪದ ಸಾಲು, ಪಾದ ಬೀದಿಗೆ, ಜ್ಯೋತಿ ಮನೆಗೆ.

ಬಿಸಿಲು ಗಲ್ಲಿಗೆ ಇಳಿಯುವ ಹೊತ್ತಿಗೆ ಸೋನಾರ್‌ಪುರದ ಕಡೆಯಿಂದ "ರಾಮ್ ನಾಮ್ ಸತ್ಯ ಹೈ" ಕೇಳಿಸಿತು. ಇನ್ನೇನು ಈ ರಂಗೋಲಿಯೂ ಹೋಯಿತು ಎಂದು ಬಾಗಿಲಿಗೆ ಬಂದೆ. ನಮ್ಮವರು ರಂಗೋಲಿಯ ಮುಂದೆ, ಬೀದಿಯ ಕಡೆ ಬೆನ್ನು ಮಾಡಿ, ಎರಡೂ ಕೈ ಚಾಚಿ ನಿಂತಿದ್ದರು. "ಭೈಯಾ, ಉಧರ್ ಸೇ, ಉಧರ್ ಸೇ" ಎಂದು ಹಿಂದಕ್ಕೆ ಕೂಗುತ್ತಿದ್ದರು. ಹೆಣ ಹೊತ್ತವರು ಗೊಣಗುತ್ತ ಆಚೆಯ ಗೋಡೆಗೆ ಮೈ ಉಜ್ಜಿಕೊಂಡು ಹೋದರು. ಅಷ್ಟು ಹೊತ್ತೂ ನಮ್ಮವರ ಕಣ್ಣು ನೆಲದ ಮೇಲೇ ಇತ್ತು.

"ಜಾಲಿ ತಗಸಿ ನೆಟ್ಟಗ ಕೂಡಸೋಣ ಅಂತ ಕೇಳಿದೆ ಸೇಠ್‌ಜಿನ್ನ" ಎಂದರು.

ಮತ್ತೆ ಅವಳೇ! "ಅದಕ್ಕ ಬಂದ್ರೇನು?"

"ಆಗೂದಿಲ್ಲ ಅಂದ್ರು. ಊರಿಗೆಲ್ಲ ಗಂಟಿನ ಬೇಕಂತ." ಕಣ್ಣೆತ್ತದೆಯೇ ಹೇಳಿದರು, "ಲಖನೌದ್ದು ನಾ ಒಲ್ಲೆ ಅಂದು ಬಂದೆ."

ನಾನು ಚೌಕಟ್ಟು ಹಿಡಿದು ನಿಂತೆ. ಅವರು ಒಂದು ಕಾಲು ಎತ್ತಿದರು, ಮತ್ತೆ ಅಲ್ಲೇ ಇಟ್ಟರು. ದೀಪಗಳು ಹೊಸ್ತಿಲಿನ ಅಗಲಕ್ಕೂ ಒತ್ತಾಗಿದ್ದವು, ಇನ್ನೂ ಒಂದೂ ಅಳಿಸಿಹೋಗಿರಲಿಲ್ಲ. ಮೂರು ವರ್ಷ ದಿನವೂ ತಲೆಕೆಳಗಾಗಿಯೇ ನೋಡಿ ದಾಟಿದ ಮನುಷ್ಯ ಎಳೆಯ ಮಕ್ಕಳ ಹಾಗೆ ತಲೆ ಎತ್ತಿ ನನ್ನನ್ನು ಕೇಳಿದರು.

"ಎಲ್ಲಿ ಕಾಲಿಡ್ಲಿ?"

ಹೇಳಬಹುದಿತ್ತು. ಪಕ್ಕದ ಗೋಡೆಗುಂಟ ಬಂದರೆ ಒಂದು ಹೆಜ್ಜೆಗೆ ಜಾಗವಿತ್ತು. ಆದರೆ ಅವಳ ಮುಂದೆ ಅಷ್ಟು ವರ್ಷ ನಿಂತವರು ನನ್ನ ಮುಂದೆ ಒಂದಷ್ಟು ಹೊತ್ತು ನಿಲ್ಲಲಿ ಎಂದುಕೊಂಡು, ನಾನು ಬಾಯಿ ಬಿಡಲಿಲ್ಲ.